ಬಿಸಿಲಿಗೆ ಬಿಳಿಚಿದ ಕಾರಿನ ಸೀಟಿಗೆ ಮನೆಯಲ್ಲೇ ಬಣ್ಣ

ಹದಿನೈದು ಇಪ್ಪತ್ತು ವರ್ಷ ಓಡಿದ ಮಾರುತಿ 800 ಅಥವಾ ಸ್ಯಾಂಟ್ರೋದಂತಹ ಕಾರಿನ ಎಂಜಿನ್ ಗಟ್ಟಿಯಾಗಿದ್ದರೂ, ಬಾಗಿಲು ತೆಗೆದೊಡನೆ ಅದರ ವಯಸ್ಸನ್ನು ಹೇಳಿಬಿಡುವುದು ಬಟ್ಟೆಯ ಸೀಟು. ಹಿಂಬದಿಯ ಗಾಜಿಗೆ ಹತ್ತಿರವಿರುವ ಹಿಂದಿನ ಸೀಟಿನ ಮೇಲಂಚು ಸಾಮಾನ್ಯವಾಗಿ ಮೊದಲು ಬಿಳಿಚುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಅಣುಗಳನ್ನೇ ಒಡೆಯುವುದರಿಂದ, ಹೀಗೆ ಹೋದ ಬಣ್ಣ ಎಷ್ಟು ತೊಳೆದರೂ ಮರಳುವುದಿಲ್ಲ.

ಆದರೂ ಕೆಲಸ ಆರಂಭವಾಗಬೇಕಾದದ್ದು ತೊಳೆಯುವುದರಿಂದಲೇ, ಏಕೆಂದರೆ ನಾವು ಬಿಳಿಚಿದೆ ಎಂದುಕೊಂಡ ಸೀಟು ಎಷ್ಟೋ ಸಲ ಕೇವಲ ಮಾಸಿರುತ್ತದೆ. ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಹೊಲಿಗೆಯ ಸಂದುಗಳವರೆಗೂ ಎಳೆದು ತೆಗೆದ ಮೇಲೆ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸೌಮ್ಯವಾದ ದ್ರವ ಸೋಪು ಬೆರೆಸಿ, ಅದರ ನೊರೆಯಿಂದ ಮಾತ್ರ ಮೃದುವಾದ ಬ್ರಷ್‌ನಲ್ಲಿ ಉಜ್ಜಬೇಕು. ನೀರು ಸುರಿಯಬಾರದು, ಒಳಗಿನ ಫೋಮ್ ಒಮ್ಮೆ ನೆನೆದರೆ ಒಣಗಲು ದಿನಗಟ್ಟಲೆ ಬೇಕಾಗಿ, ಬೂಷ್ಟಿನ ವಾಸನೆ ಹಿಡಿಯುತ್ತದೆ. ನಂತರ ಹಿಂಡಿದ ಒದ್ದೆ ಬಟ್ಟೆಯಿಂದ ಸೋಪಿನ ಅಂಶ ಹೋಗುವವರೆಗೆ ಒರೆಸಬೇಕು, ಉಳಿದ ಸೋಪು ಬಣ್ಣ ಹಿಡಿಯದಂತೆ ಮಾಡುತ್ತದೆ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಈ ಕೆಲಸವನ್ನು ಮಳೆಗಾಲದಲ್ಲಿ ಕೈಗೆತ್ತಿಕೊಳ್ಳದಿರುವುದು ಜಾಣತನ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸೀಟು ಪೂರ್ತಿ ಒಣಗಿದ ಮೇಲೆ, ಅದರ ತಳದಲ್ಲಿ ಮಡಚಿ ಸೇರಿಸಿರುವ ಬಿಸಿಲು ಕಾಣದ ಬಟ್ಟೆಯೊಡನೆ ಹೋಲಿಸಿ ನೋಡಿದಾಗ ವ್ಯತ್ಯಾಸ ಅಲ್ಪವೆನಿಸಿದರೆ, ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಬಣ್ಣ ಬೇಕೇಬೇಕು ಎನ್ನುವವರು ಮೊದಲು ತಿಳಿಯಬೇಕಾದದ್ದು ಎಳೆಯ ಗುಣ. ಸೀಟಿನ ತಳದಿಂದ ಒಂದು ಎಳೆ ಕಿತ್ತು, ಕಾರಿನಿಂದ ದೂರದಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದರೆ, ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಕಾರಿನ ಸೀಟುಗಳಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯದೇ. ಪಾಲಿಯೆಸ್ಟರ್‌ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒತ್ತಡದ ಪಾತ್ರೆಯೊಳಗೆ. ಆದ್ದರಿಂದ ಹತ್ತಿ ಸೀರೆಗೆ ಹಾಕುವ ಬಣ್ಣದ ಪುಡಿಯನ್ನು ಇಲ್ಲಿ ಬಳಸಿದರೆ ಅದು ಎಳೆಯೊಳಗೆ ಇಳಿಯದೆ, ಕುಳಿತವರ ಬಟ್ಟೆಗೆ ಅಂಟುತ್ತದೆ. ಮನೆಯಲ್ಲಿ ಸಾಧ್ಯವಿರುವುದು ಎಳೆಯ ಮೇಲೆ ತೆಳುವಾಗಿ ಕೂರುವ ಅಕ್ರಿಲಿಕ್ ಫ್ಯಾಬ್ರಿಕ್ ಬಣ್ಣ ಮಾತ್ರ, ಮತ್ತು ಮುಂದಿನ ಎಚ್ಚರಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಮೂಲ ಬಣ್ಣಕ್ಕಿಂತ ಸ್ವಲ್ಪ ಗಾಢವಾದದ್ದನ್ನೇ ಆರಿಸಬೇಕು, ತಿಳಿ ಬಣ್ಣ ಹಳೆಯದನ್ನು ಮುಚ್ಚುವುದಿಲ್ಲ. ಹೂವು, ಗೆರೆಗಳ ವಿನ್ಯಾಸವಿದ್ದರೆ ಅದೂ ಮರೆಯಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೊರಡಬೇಕು. ಬೂದು ಬಣ್ಣಕ್ಕೆ ಕಪ್ಪು ಬಿಳುಪಿನ ಜೊತೆ ಹನಿಯಷ್ಟು ಕಂದು ಬೆರೆಸಿದರೆ ಹಳೆಯ ಬಟ್ಟೆಗೆ ಹೊಂದುತ್ತದೆ. ಒಂದೇ ಬೂದು ಎರಡನೆಯ ಸಲ ಕೈಗೆ ಬರುವುದು ಕಷ್ಟವಾದ್ದರಿಂದ ಎಲ್ಲ ಸೀಟುಗಳಿಗೂ ಸಾಲುವಷ್ಟನ್ನು ಒಮ್ಮೆಲೇ ಕಲೆಸಬೇಕು. ಅಕ್ರಿಲಿಕ್ ಒಣಗಿದಾಗ ಗಾಢವಾಗುವುದರಿಂದ, ಸೀಟಿನ ತಳದಲ್ಲಿ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡದೆ ಮುಂದುವರಿಯಬಾರದು.

ತಲೆದಿಂಬು ಕಳಚಿ, ಪ್ಲಾಸ್ಟಿಕ್ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಟ್ ಬೆಲ್ಟನ್ನು ಪೂರ್ತಿಯಾಗಿ ಮುಚ್ಚಿ, ಬಾಗಿಲುಗಳನ್ನು ತೆರೆದಿಡಬೇಕು. ಸೀಟು ಬಿಚ್ಚಿಕೊಂಡರೆ ಕೆಲಸ ಸುಲಭ, ಆದರೆ ಸೀಟಿನೊಳಗೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಗೋಜಿಗೆ ಹೋಗಬಾರದು. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ನೀರು ಹಾಗೂ ಬಣ್ಣ ಒಣಗಿದ ಮೇಲೂ ಬಟ್ಟೆಯನ್ನು ಮೃದುವಾಗಿಡುವ ಫ್ಯಾಬ್ರಿಕ್ ಮೀಡಿಯಂ ಎಂಬ ದ್ರವವನ್ನು ಸ್ವಲ್ಪ ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ ಸ್ಪ್ರೇ ಬಾಟಲಿಗೆ ತುಂಬಿ, ಬಟ್ಟೆಯ ಮೇಲೆ ಮಂಜು ಬಿದ್ದಂತೆ ಸಿಂಪಡಿಸಬೇಕು. ಸಿಂಪಡಿಸಿದ ಕೂಡಲೇ ಒಮ್ಮೆ, ಅರ್ಧ ಒಣಗಿದಾಗ ಇನ್ನೊಮ್ಮೆ, ಮೃದುವಾದ ಬ್ರಷ್‌ನಿಂದ ನಾಲ್ಕೂ ದಿಕ್ಕಿಗೆ ನೀವಬೇಕು. ಈ ನೀವುವಿಕೆಯನ್ನು ತಪ್ಪಿಸಿದವರ ಸೀಟು ಹಪ್ಪಳದಂತೆ ಗಡುಸಾಗುತ್ತದೆ. ಆತುರಕ್ಕೆ ಒಂದೇ ದಪ್ಪ ಪದರ ಬಳಿಯುವುದಕ್ಕಿಂತ, ಪ್ರತಿಯೊಂದನ್ನೂ ಒಣಗಿಸಿ ಮೂರು ನಾಲ್ಕು ತೆಳು ಪದರ ಕೊಡುವುದೇ ಸರಿ.

ಕೊನೆಯ ಪದರ ಹಾಕಿ ಎರಡು ದಿನ ಕಳೆದ ಮೇಲೆ ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತ ಹಾಯಿಸಿದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ; ಇಸ್ತ್ರಿಪೆಟ್ಟಿಗೆ ಒತ್ತಿದರೆ ಪಾಲಿಯೆಸ್ಟರ್ ಹೊಳೆದು ಅಡಿಯ ಫೋಮ್ ಕೆಡಬಹುದು. ಆಮೇಲೆ ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಅಂಟದಿದ್ದರೆ ಕೂರಬಹುದು. ಒತ್ತಿದಾಗ ಫೋಮ್ ಹಳದಿ ಪುಡಿಯಾಗಿ ಉದುರುವಂತಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಅಂತಹ ಸೀಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನಲ್ಲೋ ಇರುವ ಕುಷನ್ ಕೆಲಸದವರಿಗೆ ಒಪ್ಪಿಸಬೇಕು. ನೀರು ಬೆರೆಸದೆ ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟುಕೊಂಡರೆ, ಹತ್ತಿ ಇಳಿಯುವಾಗ ಉಜ್ಜಿಹೋಗುವ ಚಾಲಕನ ಸೀಟಿನ ಬಾಗಿಲ ಕಡೆಯ ಅಂಚಿಗೆ ಮತ್ತೆ ಹಚ್ಚಲು ಬೇಕಾಗುತ್ತದೆ.