ಮಣ್ಣು ಬಿಡುವ ಇಂಗಾಲವನ್ನು ಅಳೆದದ್ದು: ಮಂಡ್ಯದ ಹೊಲಗಳಲ್ಲಿ ನನ್ನ ಅನುಭವ

ಭೂಮಿಯ ಮೇಲಿನ ಒಂದು ಮೀಟರ್ ಆಳದ ಮಣ್ಣಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ಇದು ವಾತಾವರಣದಲ್ಲಿರುವ ಇಂಗಾಲಕ್ಕಿಂತ ಬಹಳ ಹೆಚ್ಚು. ಬಿಸಿ ಏರಿದಂತೆ ಸೂಕ್ಷ್ಮಜೀವಿಗಳು ಚುರುಕಾಗಿ ಇದನ್ನು ಇಂಗಾಲದ ಡೈಆಕ್ಸೈಡ್ ಆಗಿ ಹೊರಬಿಡುತ್ತವೆ. ಆ ಅನಿಲ ಬಿಸಿಯನ್ನು ಇನ್ನಷ್ಟು ಏರಿಸುತ್ತದೆ. ಈ ಸುತ್ತನ್ನು ಹವಾಮಾನದ ಗಣಕ ಮಾದರಿಯೊಳಗೇ ಸೇರಿಸಿ ಬ್ರಿಟನ್ನಿನ ಪೀಟರ್ ಕಾಕ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2050ರ ಸುಮಾರಿಗೆ ನೆಲವು ತಾನು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಬಿಡತೊಡಗುತ್ತದೆ. ಮುಂದೆ ಬಂದ ಮಾದರಿಗಳ ಉತ್ತರಗಳಲ್ಲಿ ದೊಡ್ಡ ಅಂತರವಿದೆ. ಮಂಡ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ, ಇದನ್ನು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಮಣ್ಣಿನಲ್ಲೇ ಅಳೆದು ವಿದ್ಯಾರ್ಥಿಗಳಿಗೆ ತೋರಿಸಬೇಕೆನಿಸಿತು.

ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಬಾಯಗಲದ ಗಾಜಿನ ಬಟ್ಟಲಿನಲ್ಲಿ ಒಂದು ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣವನ್ನು 20 ಮಿಲಿಲೀಟರ್ ಅಳೆದು ಹಾಕಿ, ಅದನ್ನು ನೆಲದಿಂದ ತುಸು ಮೇಲೆ ಪುಟ್ಟ ಮುಕ್ಕಾಲಿಯ ಮೇಲಿಟ್ಟು, ಬಕೆಟ್ ಕವುಚಿ, ಅಂಚನ್ನು ಮಣ್ಣಿನೊಳಕ್ಕೆ ಒತ್ತಿ 24 ಗಂಟೆ ಬಿಡುತ್ತೇವೆ. ಬಿಸಿಲಿಗೆ ಒಳಗಿನ ಗಾಳಿ ಕಾಯದಂತೆ ಮೇಲೆ ತೆಂಗಿನ ಗರಿ ಹೊದಿಸುವುದು ಅಗತ್ಯ. ಮಣ್ಣಿನ ಸಂಪರ್ಕವೇ ಇಲ್ಲದಂತೆ ತಳ ಮುಚ್ಚಿದ ಇನ್ನೊಂದು ಬಕೆಟ್ಟಿನಲ್ಲಿಯೂ ಇಂತಹುದೇ ಬಟ್ಟಲಿರಬೇಕು. ಹೋಲಿಕೆಗೆ ಅದೇ ಆಧಾರ. ಮರುದಿನ ಬೇರಿಯಂ ಕ್ಲೋರೈಡ್ ಹಾಕಿದೊಡನೆ, ಕ್ಷಾರ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ಬಿಳಿಯ ಬೇರಿಯಂ ಕಾರ್ಬೊನೇಟ್ ಆಗಿ ತಳಕ್ಕಿಳಿಯುತ್ತದೆ. ಉಳಿದ ಕ್ಷಾರವನ್ನು, ಕ್ಷಾರವಿರುವುದನ್ನು ಬಣ್ಣದಿಂದ ತೋರಿಸುವ ಫೀನಾಲ್ಫ್ತಲೀನ್‌ನ ಗುಲಾಬಿ ಬಣ್ಣ ಮಾಯವಾಗುವವರೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಅಳೆದು ಸೇರಿಸಿ ಟೈಟ್ರೇಟ್ ಮಾಡುತ್ತೇವೆ. ಎರಡು ಬಟ್ಟಲುಗಳಿಗೆ ಬೇಕಾದ ಆಮ್ಲದ ವ್ಯತ್ಯಾಸವನ್ನು (ಮಿಲಿಲೀಟರುಗಳಲ್ಲಿ) ಆಮ್ಲದ ನಾರ್ಮಾಲಿಟಿಯಿಂದಲೂ (ಅಂದರೆ ಸಾಂದ್ರತೆಯಿಂದಲೂ) 22ರಿಂದಲೂ ಗುಣಿಸಿದರೆ ಅನಿಲದ ತೂಕ ಮಿಲಿಗ್ರಾಂಗಳಲ್ಲಿ ದೊರೆಯುತ್ತದೆ.

ಹೊಲದಲ್ಲಿ ಬಿಸಿಯ ಪಾತ್ರವನ್ನು ಪ್ರತ್ಯೇಕಿಸಿ ನೋಡುವುದು ಕಷ್ಟ, ಏಕೆಂದರೆ ತೇವವೂ ಬೇರುಗಳ ಉಸಿರಾಟವೂ ಅದರೊಂದಿಗೆ ಬದಲಾಗುತ್ತವೆ. ಆದ್ದರಿಂದ ಒಂದೇ ಹೊಲದ ಮಣ್ಣನ್ನು ಜರಡಿ ಹಿಡಿದು, ಸಮವಾಗಿ ನೀರು ಬೆರೆಸಿ, ಮುಚ್ಚಿದ ಜಾಡಿಗಳಲ್ಲಿ ಕೆಲವನ್ನು 25 ಡಿಗ್ರಿಯಲ್ಲಿ, ಕೆಲವನ್ನು 35 ಡಿಗ್ರಿಯಲ್ಲಿ ಇಟ್ಟೆವು. ಮೊದಲ ವಾರಗಳಲ್ಲಿ ಬಿಸಿ ಜಾಡಿಗಳು ಹೆಚ್ಚುಕಡಿಮೆ ಎರಡು ಪಟ್ಟು ಅನಿಲ ಬಿಟ್ಟವು. ಸುಲಭವಾಗಿ ಕೊಳೆಯುವ ಅಂಶ ಮುಗಿಯುತ್ತ ಬಂದಂತೆ ಅಂತರ ಕಿರಿದಾಯಿತು. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಅಮೆರಿಕದ ಹಾರ್ವರ್ಡ್ ಫಾರೆಸ್ಟ್‌ನಲ್ಲಿ ಜೆರ್ರಿ ಮೆಲಿಲೊ ಮತ್ತು ಸಂಗಡಿಗರು 1991ರಿಂದ ಕಾಡಿನ ಮಣ್ಣನ್ನು 5 ಡಿಗ್ರಿ ಹೆಚ್ಚು ಬಿಸಿಯಲ್ಲಿಟ್ಟಾಗಲೂ ಆರಂಭದ ಏರಿಕೆ ತಗ್ಗಿ, ಕೆಲವು ವರ್ಷಗಳ ಬಳಿಕ ಮತ್ತೆ ಮೇಲೆದ್ದಿತು. 26 ವರ್ಷಗಳಲ್ಲಿ ಮೇಲಿನ 60 ಸೆಂಟಿಮೀಟರ್ ಮಣ್ಣು ತನ್ನ ಇಂಗಾಲದ ಶೇ. 17ರಷ್ಟನ್ನು ಕಳೆದುಕೊಂಡಿತ್ತು. ಕೆಲವು ತಿಂಗಳ ಜಾಡಿಯ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟೇ ಓದಬೇಕು.

ನನಗೆ ಅತ್ಯಂತ ಮಹತ್ವದ್ದಾಗಿ ಕಂಡದ್ದು ಭರಣಿ ಮಳೆಯ ಅಳತೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ರಾಗಿ ಹೊಲದ ಬಟ್ಟಲಿಗೂ ಹೋಲಿಕೆಯ ಬಟ್ಟಲಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಮಳೆ ಬಿದ್ದ ಮರುದಿನ ಬೇರಿಯಂ ಕ್ಲೋರೈಡ್ ಹನಿಸುತ್ತಿದ್ದಂತೆ ದ್ರಾವಣ ಹಾಲಿನಂತೆ ಬೆಳ್ಳಗಾಯಿತು. ಒಣಗಿದ ಮಣ್ಣು ನೆನೆದಾಗ ಹೀಗೆ ಒಮ್ಮೆಲೇ ಅನಿಲ ಹೊಮ್ಮುವುದನ್ನು ಕೀನ್ಯಾದಲ್ಲಿ ಕೆಲಸ ಮಾಡಿದ ಮಣ್ಣಿನ ವಿಜ್ಞಾನಿ ಬರ್ಚ್ 1958ರಲ್ಲಿ ವಿವರಿಸಿದ್ದರು. ದೀರ್ಘ ಒಣಹವೆ, ನಡುವೆ ಬಿರುಸಿನ ಮಳೆ ಎಂಬ ಕ್ರಮ ಬಲವಾದರೆ ನಮ್ಮ ಖುಷ್ಕಿ ಹೊಲಗಳಲ್ಲಿ ಈ ಹೊಮ್ಮುವಿಕೆಯೂ ಲೆಕ್ಕಕ್ಕೆ ಬರಬೇಕು. ಸರಾಸರಿ ತಾಪಮಾನವೊಂದನ್ನೇ ನೋಡಿದರೆ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ.

ಕೂಳೆ ಕಬ್ಬಿನ ಗದ್ದೆಯಲ್ಲಿ ತರಗು ಸುಟ್ಟ ಪಟ್ಟಿಗಿಂತ ತರಗು ಹರಡಿದ ಪಟ್ಟಿಯಲ್ಲಿ ಹೆಚ್ಚು ಅನಿಲ ಸಿಕ್ಕಿತು. ಅದನ್ನು ಕೇಳಿದ ಗದ್ದೆಯ ಯಜಮಾನರು, "ಜಾಸ್ತಿ ಬುಡ್ತದೆ ಅಂದ್ಮೇಲೆ ಸುಡೋದೇ ವಾಸಿ ಅಲ್ವಾ ಮೇಷ್ಟ್ರೇ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಸುಟ್ಟರೆ ತರಗಿನ ಇಂಗಾಲದ ಬಹುಪಾಲು ಅದೇ ದಿನ ಗಾಳಿಗೆ ಹೋಗುತ್ತದೆ. ಹರಡಿದರೆ ನಿಧಾನವಾಗಿ ಕೊಳೆತು, ಒಂದು ಪಾಲು ಮಣ್ಣಿನಲ್ಲಿ ನಿಲ್ಲುತ್ತದೆ, ಜೊತೆಗೆ ನೆಲ ತಂಪಾಗಿ ತೇವ ಉಳಿಯುತ್ತದೆ. ಬಕೆಟ್ ತೋರಿಸುವುದು ಖರ್ಚನ್ನು ಮಾತ್ರ. ಮಣ್ಣಿಗೆ ಬಂದ ಆದಾಯವನ್ನೂ ಸೇರಿಸಿದರೆ ಮಾತ್ರ ಲಾಭನಷ್ಟ ತಿಳಿಯುತ್ತದೆ. ಇದನ್ನು ಅವರಿಗೆ ವಿವರಿಸಿದ ಮೇಲೆ, ಎರಡೂ ಪಟ್ಟಿಗಳನ್ನು ಕೆಲವು ವರ್ಷ ಹಾಗೆಯೇ ಬಿಡಲು ಒಪ್ಪಿದರು. ಪ್ರತಿ ಕಟಾವಿನ ನಂತರ ಅದೇ ಜಾಗಗಳ ಮಣ್ಣು ತೆಗೆದು, ವಾಕ್ಲಿ–ಬ್ಲ್ಯಾಕ್ ವಿಧಾನದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸಿ ಸಾವಯವ ಇಂಗಾಲವನ್ನು ಅಳೆಯುತ್ತಿದ್ದೇವೆ.