ತಕ್ಕಡಿ ಹಿಡಿದು ಸೆಟ್ ಮುಗಿಸಿದ ಕಥೆ

ಒಳಗೆ ಯಾವ ಬೊಂಬೆ ಇದೆ ಅಂತ ಬಿಚ್ಚುವವರೆಗೂ ಗೊತ್ತಾಗದ ಲೆಗೋ ಡಬ್ಬಿ 14, ಪೂರ್ತಿ ಸೆಟ್‌ನ ಬೊಂಬೆ 12, ಬಂದದ್ದೇ ಮತ್ತೆ ಬಂದ ಡಬಲ್ ಎರಡೇ. ಈ ಲೆಕ್ಕ ಹೇಳಿದಾಗ ನಮ್ಮ ಬಳಗದಲ್ಲಿ ಯಾರೂ ನಂಬಲಿಲ್ಲ. "ಸುಮ್ನೆ ಅದೃಷ್ಟ ಕಣೋ" ಅಂದರು. ಮುಂದಿನ ಸೀರೀಸನ್ನು 13 ಡಬ್ಬಿಗೇ ಮುಗಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಹೇಗೆ ಅಂತ ಕೇಳತೊಡಗಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೂಡಿಸುವುದು ಲೆಗೋ ಮಿನಿಫಿಗರ್, ಅಂದರೆ ತುಂಡು ಜೋಡಿಸಿ ಮಾಡುವ ಪುಟ್ಟ ಪ್ಲಾಸ್ಟಿಕ್ ಬೊಂಬೆ. 2010ರಲ್ಲಿ 16 ಬೊಂಬೆಗಳ ಮೊದಲ ಸೀರೀಸ್ ಬಂದಾಗಿನಿಂದಲೂ ಹಿಂದೆ ಬಿದ್ದಿದ್ದೇನೆ. ಬೊಂಬೆ ಮೆತ್ತನೆ ಪ್ಯಾಕೆಟ್‌ನಲ್ಲಿ ಬರುತ್ತಿದ್ದ ಕಾಲದಲ್ಲಿ ನಮ್ಮ ವಿದ್ಯೆಯೆಲ್ಲ ಬೆರಳಲ್ಲಿತ್ತು. ನಿಲ್ಲಿಸುವ ತಟ್ಟೆಯನ್ನು ಒಂದು ಮೂಲೆಗೆ ತಳ್ಳಿ, ಉಳಿದ ತುಂಡುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಜರುಗಿಸುತ್ತಿದ್ದೆ. ಕಾಲು, ಮೈ ತಡವಿ ಪ್ರಯೋಜನವಿಲ್ಲ, ಅವು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ಬೇರೆ ಯಾವ ಬೊಂಬೆಗೂ ಇಲ್ಲದ ಒಂದು ಸಾಮಾನು ಇರುತ್ತದಲ್ಲ, ಅದನ್ನೇ ಹುಡುಕಬೇಕು. 2013ರ 10ನೇ ಸೀರೀಸ್‌ನಲ್ಲಿ ಮಿಸ್ಟರ್ ಗೋಲ್ಡ್ ಅನ್ನುವ ಚಿನ್ನದ ಬಣ್ಣದ ಅಪರೂಪದ ಬೊಂಬೆ ಬಂದಾಗ ಉದ್ದ ಟೋಪಿ, ಕೈಕೋಲು ಸಿಗುತ್ತದಾ ಅಂತ ನೂರಾರು ಪ್ಯಾಕೆಟ್ ತಡವಿದ್ದೇನೆ. ಜಗತ್ತಿಗೆಲ್ಲ ಸೇರಿ ಬರೀ 5000 ಇದ್ದವು. ನನಗೆ ಸಿಗಲಿಲ್ಲ. ಆ ನೋವು ಇನ್ನೂ ಇದೆ.

2023ರಲ್ಲಿ, ಮಾರ್ವೆಲ್ ಎರಡನೇ ಸೀರೀಸ್ ಹೊತ್ತಿಗೆ, ಪ್ಯಾಕೆಟ್ ಹೋಗಿ ರಟ್ಟಿನ ಡಬ್ಬಿ ಬಂತು. ಬೆರಳಿಗೆ ಕೆಲಸವೇ ಇಲ್ಲ. ಡಬ್ಬಿ ಮೇಲಿನ ಚುಕ್ಕಿ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಂಡುಹಿಡಿಯುವವರು ಇದ್ದಾರೆ. ಮಾಡಲಿ. ನನಗೆ ಕೈಯಾರೆ ಹುಡುಕಿದರೇ ಸಮಾಧಾನ.

ಮೊದಲ ಸಲ ಕಣ್ಣು ಮುಚ್ಚಿ ಕೊಂಡೆ. 12 ಬೊಂಬೆಗಳೂ ಸಮನಾಗಿ ಬರುತ್ತವೆ ಅಂದುಕೊಂಡರೂ ಸೆಟ್ ಮುಗಿಯಲು ಸರಾಸರಿ 37 ಡಬ್ಬಿ ಬೇಕು. ಕೊನೆಯ ಒಂದಕ್ಕೇ ಸರಾಸರಿ 12. ನಾನು 29ಕ್ಕೋ 30ಕ್ಕೋ ನಿಲ್ಲಿಸಿದೆ. ಕೈಯಲ್ಲಿದ್ದಿದ್ದು 10 ಬೊಂಬೆ. ಎರಡೂವರೆ ಸೆಟ್‌ನ ದುಡ್ಡು ಹೋಯಿತು, ಸೆಟ್ ಮಾತ್ರ ಆಗಲಿಲ್ಲ. ಬೇಕಾದ ಎರಡಕ್ಕೆ ಐದು ಡಬಲ್ ಕೊಟ್ಟು ಬದಲಿ ಮಾಡಿಕೊಂಡೆ.

ಆಮೇಲೆ ತಕ್ಕಡಿ. ಅಡುಗೆಮನೆಯದು 1 ಗ್ರಾಂ ಲೆಕ್ಕದ್ದು, ಏನೂ ಹೇಳಲ್ಲ. 0.1ರದ್ದು ತಂದೆ, ಅದೂ ಸಾಲದು. ಕೊನೆಗೆ 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ತಂದೆ, ನಾಲ್ಕೈದು ಡಬ್ಬಿಯಷ್ಟು ದುಡ್ಡಾಯಿತು. ಯಾವ ಬೊಂಬೆಯ ಡಬ್ಬಿ ಎಷ್ಟು ತೂಗುತ್ತದೆ ಅಂತ ಯಾರೋ ಮಾಡಿದ್ದ ಪಟ್ಟಿ ನೋಡಿ ಒಂಬತ್ತು ಡಬ್ಬಿ ಆರಿಸಿದೆ. ಸರಿಯಾಗಿದ್ದು ನಾಲ್ಕು. ತಲೆ ಕೆಟ್ಟುಹೋಯಿತು.

ಪಟ್ಟಿ ತಪ್ಪಾ, ತಕ್ಕಡಿ ತಪ್ಪಾ? ಒಂದು ಖಾಲಿ ಡಬ್ಬಿ ತೂಗಿ, ರಾತ್ರಿಯಿಡೀ ಬಚ್ಚಲುಮನೆಯಲ್ಲಿಟ್ಟೆ. ಬೆಳಿಗ್ಗೆ ಸುಮಾರು 0.2 ಗ್ರಾಂ ಜಾಸ್ತಿ. ರಟ್ಟು ತೇವ ಕುಡಿದಿತ್ತು! ಎಷ್ಟೋ ಬೊಂಬೆಗಳ ನಡುವಿನ ವ್ಯತ್ಯಾಸವೇ ಅಷ್ಟಿರಲ್ಲ. ಬೇರೆ ಊರಲ್ಲಿ, ಬೇರೆ ದಿನ ತೂಗಿದ ಅಂಕಿ ನನ್ನ ಡಬ್ಬಿಗೆ ಹೇಗೆ ಹೊಂದುತ್ತದೆ? ಅದೇ ಉತ್ಸಾಹದಲ್ಲಿ ಆಯಸ್ಕಾಂತ, ಟಾರ್ಚ್ ಎರಡನ್ನೂ ಪ್ರಯತ್ನಿಸಿದೆ. ಎರಡೂ ದಂಡ.

ಆದರೆ ಒಂದು ವಿಷಯ ಹೊಳೆಯಿತು. ತೇವ ಏರಿದರೆ ಒಂದೇ ಕಪಾಟಿನ ಎಲ್ಲಾ ಡಬ್ಬಿಗೂ ಏರುತ್ತದೆ. ಅಂಕಿ ಬದಲಾಗುತ್ತದೆ, ಸಾಲು ಬದಲಾಗಲ್ಲ. ಈಗ ನಾನು ಪಟ್ಟಿಯ ಅಂಕಿ ನೋಡುವುದೇ ಇಲ್ಲ, ಯಾವುದರ ನಂತರ ಯಾವುದು ಅನ್ನುವುದನ್ನಷ್ಟೇ ನೋಡುತ್ತೇನೆ. ಅಂಗಡಿಯವರನ್ನು ಕೇಳಿಕೊಂಡು, ಒಂದೇ ಕಪಾಟಿನಿಂದ 20-25 ಡಬ್ಬಿ ಒಂದೇ ಸಲಕ್ಕೆ ತೂಗಿ ಬರೆದುಕೊಳ್ಳುತ್ತೇನೆ. ಅತಿ ಭಾರದ್ದು ಒಂದು, ಅತಿ ಹಗುರದ್ದು ಒಂದು ಮೊದಲು ಕೊಂಡು, ಹೊರಗೆ ಬಂದು ಬಿಚ್ಚುತ್ತೇನೆ. ಎರಡು ತುದಿ ಗೊತ್ತಾದರೆ ನಡುವಿನವನ್ನು ಅವುಗಳಿಂದ ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಫ್ಯಾನ್ ಕೆಳಗೆ ಮಾತ್ರ ತೂಗಬೇಡಿ. ಆ ಗಾಳಿಗೇ 0.03 ಆಚೀಚೆ ಓಡುತ್ತದೆ.

ನಡುವಿನ ಗುಂಪು ಕಷ್ಟ. ಒಮ್ಮೆ ಮೂರು ಬೊಂಬೆಗಳು 0.05 ಗ್ರಾಂ ಒಳಗೇ ಇದ್ದವು. ಅಲ್ಲಿ ಕಿವಿ ಬೇಕು. ಡಬ್ಬಿಯನ್ನು ಅಲ್ಲಾಡಿಸಬಾರದು. ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ವಾಲಿಸಬೇಕು. ಉದ್ದ ಸಾಮಾನು ಸರ್ರ್ ಅಂತ ಜಾರುತ್ತದೆ, ದುಂಡಗಿನದು ಟಕ್ ಅಂತ ಬೀಳುತ್ತದೆ. ಯಾವ ಮಗ್ಗುಲಿಗೆ, ಎಷ್ಟು ಸಲ ವಾಲಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ನನಗೆ ಮೂರು ಸೀರೀಸ್ ಹಿಡಿಯಿತು.

ಅದೃಷ್ಟ ಅಂದಿದ್ದ ಗೆಳೆಯ ಒಂದು ದಿನ ಬಿಚ್ಚದ 12 ಡಬ್ಬಿ ತಂದು ಮೇಜಿನ ಮೇಲಿಟ್ಟ. "ಹೇಳು ನೋಡೋಣ" ಅಂದ. ಮುಕ್ಕಾಲು ಗಂಟೆ ತೂಗಿ, ವಾಲಿಸಿ, ಒಂದೊಂದರ ಮೇಲೂ ಚೀಟಿ ಅಂಟಿಸಿದೆ. ಹತ್ತು ಸರಿ. ಉಳಿದೆರಡು ಒಂದಕ್ಕೊಂದು ಅದಲು ಬದಲಾಗಿದ್ದವು, ಅದೇ ನಡುವಿನ ಗುಂಪಿನವು. ಅವನು ಚೀಟಿಗಳನ್ನು ಮತ್ತೊಮ್ಮೆ ಓದಿ ಸುಮ್ಮನೆ ಕೂತ.

ಮೊನ್ನೆ ಅವನೇ ಫೋನ್ ಮಾಡಿದ. "0.1ರ ತಕ್ಕಡಿ ಸಾಕಾಗಲ್ವಾ?"

"ಸಾಕಾಗಲ್ಲ, 0.01ರದ್ದೇ ತಗೋ" ಅಂದೆ.