ಹೆಗ್ಗಣದ ಮೇಲಿನ ಸಣ್ಣ ನೊಣಗಳನ್ನು ಗುರುತಿಸಿದ್ದು ಹೀಗೆ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥದ್ದೇ ಒಂದು ವಾರ ನಮ್ಮ ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು. ಹೂಳಲು ಹೋದವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ. ಹಸಿರಾಗಿ ಮಿಂಚುವ ದೊಡ್ಡ ನೊಣಗಳು ಎಲ್ಲರಿಗೂ ಗೊತ್ತು. ಅವುಗಳ ನಡುವೆ 2-3 ಮಿಲಿಮೀಟರಿನ ಪುಟ್ಟ ನೊಣಗಳು ಓಡಾಡುತ್ತಿದ್ದವು.

“ಏನ್ ನೋಡಾಕ್ಹತ್ತಿಯೋ ಅದರಾಗ? ನಾತ ಬಡೀತೈತಿ, ಏಳು” ಅಂತ ಅವ್ವ ಕೂಗಿದಳು.

“ಎರಡು ದಿನ ಇರಲಿ ಬಿಡವ್ವಾ” ಅಂದೆ. ನಾಯಿ ಎಳೆಯದಂತೆ ಟೊಮೆಟೊ ಕ್ರೇಟ್ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟೆ.

ಮೊದಲ ದಿನ ಹಿಡಿದಿದ್ದನ್ನೆಲ್ಲ ನಾನು ಹಣ್ಣಿನ ನೊಣ ಅಂತ ಬರೆದಿಟ್ಟೆ. ಗಾತ್ರ ಅದೇ, ಕಂದು ಹಳದಿ ಬಣ್ಣವೂ ಅದೇ. ಪೂರ್ತಿ ತಪ್ಪು. ಬಾಳೆಹಣ್ಣಿನ ಮೇಲಿನ ನೊಣವನ್ನು ಕೆಣಕಿದರೆ ನಿಧಾನಕ್ಕೆ ಗಾಳಿಯಲ್ಲಿ ತೇಲುತ್ತದೆ. ಇದನ್ನು ಕೆಣಕಿದರೆ ಹಾರುವುದೇ ಕಡಿಮೆ. ಸರ್ರಂತ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಪಕ್ಕದಿಂದ ನೋಡಿದರೆ ಬೆನ್ನು ಗೂನು, ತಲೆ ಅದರ ಕೆಳಗೆ ಬಾಗಿದೆ. ಆ ಓಟ ಕಂಡಾಗಲೇ ಫೋರಿಡೇ ಕುಟುಂಬ, ಅಂದರೆ ಹೀಗೆ ಓಡುವ ಗೂನುಬೆನ್ನಿನ ಸಣ್ಣ ನೊಣಗಳ ಗುಂಪು, ಇರಬೇಕು ಅನ್ನಿಸಿತು.

ಖಾತ್ರಿ ಮಾಡಿದ್ದು ರೆಕ್ಕೆ. ಗಾಜಿನ ಚೂರಿನ ಮೇಲೆ ಒಂದು ಹನಿ ನೀರು ಹಾಕಿ, ಹಳೇ ಪೇಂಟ್ ಬ್ರಷ್‌ನಿಂದ ರೆಕ್ಕೆ ಬಿಡಿಸಿದೆ. ಕೆಳಗಿನಿಂದ ಮೊಬೈಲ್ ಟಾರ್ಚ್, ಮೇಲಿನಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಮುಂದಿನ ಅಂಚಿನಲ್ಲಿ ದಪ್ಪ ನರಗಳು ಒತ್ತಾಗಿ ಇವೆ, ಅರ್ಧ ದಾರಿಗೇ ನಿಂತುಬಿಟ್ಟಿವೆ. ಉಳಿದ ರೆಕ್ಕೆಯಲ್ಲಿ ಕೂದಲಿನಂಥ ಮೂರು-ನಾಲ್ಕು ತೆಳು ಗೆರೆಗಳು ಓರೆಯಾಗಿ ಇಳಿದಿವೆ. ಅವುಗಳ ನಡುವೆ ಅಡ್ಡ ಗೆರೆ ಒಂದೂ ಇಲ್ಲ. ಹಿಂಗಾಲಿನ ತೊಡೆಯೂ ಅಗಲವಾಗಿ ಚಪ್ಪಟೆ. ಇಷ್ಟು ಕಂಡರೆ ಅನುಮಾನ ಉಳಿಯುವುದಿಲ್ಲ.

ಮೂರನೇ ದಿನ ಮಂಕು ಕಪ್ಪು ಬಣ್ಣದ ಇನ್ನೊಂದು ಬಗೆಯ ನೊಣ ಬಂತು. ಅದರ ಗುರುತು ಹಿಂಗಾಲಿನ ಪಾದದಲ್ಲಿ. ಪಾದದ ಮೊದಲ ಗೆಣ್ಣು ಗಿಡ್ಡ, ಊದಿದಂತೆ ದಪ್ಪ. ಇದು ಸ್ಫೀರೊಸೆರಿಡೇ ಕುಟುಂಬದ್ದು. ಅದರ ಜೊತೆಗೇ ಇರುವೆಯಂತೆ ಸೊಂಟ ಸಣ್ಣಗಿರುವ ಸೆಪ್ಸಿಡೇ ಕುಟುಂಬದ ನೊಣವೂ ಸಿಕ್ಕಿತು. ಅದು ನಡೆಯುತ್ತಾ ರೆಕ್ಕೆ ಬೀಸುತ್ತಿರುತ್ತದೆ. ನನಗೆ ಸಿಕ್ಕಿದ್ದರ ರೆಕ್ಕೆಯ ತುದಿಯಲ್ಲಿ ಕಪ್ಪು ಚುಕ್ಕೆಯೂ ಇತ್ತು. ಎಮ್ಮೆ ಸಗಣಿ ಮೇಲೆ ಇವು ಜಾಸ್ತಿ, ಒಮ್ಮೆ ಹೋಗಿ ನೋಡಿ.

ಇಂಥ ಕಡೆ ಬರುವ ಇನ್ನೊಂದು ಕುಟುಂಬವಾದ ಪಿಯೋಫಿಲಿಡೇ ಮಾತ್ರ ಹೆಗ್ಗಣದ ಮೇಲೆ ಸಿಗಲಿಲ್ಲ. ಹುಬ್ಬಳ್ಳಿ ಮಾರ್ಕೆಟ್‌ನಿಂದ ತಂದ ಒಣಮೀನಿನಲ್ಲಿ ಸಿಕ್ಕಿತು. ನೊಣ ಹೊಳೆಯುವ ಕಪ್ಪು. ಮರಿಹುಳ ಬಾಯಿಯ ಕೊಕ್ಕೆಯಿಂದ ತನ್ನ ಬಾಲವನ್ನೇ ಹಿಡಿದು, ಬಿಲ್ಲಿನಂತೆ ಬಾಗಿ, ಪಟ್ಟನೆ ಬಿಟ್ಟು ಜಿಗಿಯುತ್ತದೆ. ತಟ್ಟೆಯಲ್ಲಿದ್ದದ್ದು ನನ್ನ ಮೊಣಕೈಗೆ ಬಂದು ಬಿತ್ತು.

ಒಂದಷ್ಟು ಹುಳಗಳನ್ನು ಸಾಕಿಯೂ ನೋಡಿದೆ. ಬಾಟಲಿಯ ತಳಕ್ಕೆ ಮರಳು, ಮೇಲೆ ಮಾಂಸದ ಚೂರು, ಬಾಯಿಗೆ ಎರಡು ಪದರ ಮಲ್ ಬಟ್ಟೆ. ಒಂದೇ ಪದರ ಆದರೆ ಇವು ನುಸುಳುತ್ತವೆ. ಫೋರಿಡೇ ಕೋಶಕ್ಕೆ (ಹುಳ ನೊಣವಾಗುವ ಮುನ್ನ ಇರುವ ಗೂಡು) ಮುಂದುಗಡೆ ಎರಡು ಸಣ್ಣ ಕೊಂಬು ಇರುತ್ತವೆ, ಉಸಿರಾಡಲು. ಲೆನ್ಸಿನಲ್ಲಿ ಅವನ್ನು ಮೊದಲ ಸಲ ಕಂಡಾಗ ಅವ್ವನನ್ನೂ ಕರೆದು ತೋರಿಸಿದೆ. ಮೂಗಿಗೆ ಸೆರಗು ಹಿಡಿದೇ ನೋಡಿದಳು, ಆದರೆ ಬಹಳ ಹೊತ್ತು ನೋಡಿದಳು.

ನಾನು ಕುಟುಂಬದ ಹೆಸರಿಗೇ ನಿಲ್ಲುತ್ತೇನೆ. ಫೋರಿಡೇ ಜಾತಿ ಹೇಳಬೇಕಾದರೆ ಸಾಮಾನ್ಯವಾಗಿ ಗಂಡು ನೊಣದ ಹೊಟ್ಟೆಯ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಫೋಟೋ ನೋಡಿ ಹೇಳುವುದು ಸರಿಯಲ್ಲ. ಸಿಕ್ಕಿದ್ದನ್ನೆಲ್ಲ 70 ಪರ್ಸೆಂಟ್ ಸ್ಪಿರಿಟ್‌ನಲ್ಲಿ ಹಾಕಿಟ್ಟಿದ್ದೇನೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಶೀಶೆಯ ಒಳಗೇ ಹಾಕಿ. ಪೆನ್ನಿನ ಮಸಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ, ನನ್ನ ಮೊದಲ ಎರಡು ಶೀಶೆಗಳ ತಾರೀಖು ಹಾಗೇ ಹೋಯಿತು.